ಹುಣಿಸೆ ಎಲೆ ಅಂಚಿನ ನಾಲ್ಕು ಪಟ್ಟಿಗಳು

ಭಾನುವಾರ, ಮೇ ೧೧. ಬೆಳಗ್ಗೆ ಏಳು ಗಂಟೆ ನಲವತ್ತು ನಿಮಿಷ.

ಒಲೆಯ ಮೇಲೆ ಹುಣಿಸೆ ಬೀಜದ ಅಂಟು ಕುದಿಯುತ್ತಿದೆ. ಅಮ್ಮನ ಪಿನ್ನಿನ ಡಬ್ಬಿಯ ತಳ ಬಿಟ್ಟುಕೊಂಡಿದೆ. ಅದಕ್ಕೆ ಈ ಏರ್ಪಾಡು. ಅಂಗಡಿಯ ಬಿಳಿ ಗೋಂದು ತಂದರೆ ಎರಡು ನಿಮಿಷದ ಕೆಲಸ ಎಂದು ನೀವು ಹೇಳುತ್ತೀರಿ, ಅಮ್ಮನೂ ಅದನ್ನೇ ಹೇಳಿದಳು. ಆದರೆ ಬೀಜ ಹುರಿದು, ಸಿಪ್ಪೆ ಬಿಡಿಸಿ, ನೆನೆಹಾಕಿ, ರುಬ್ಬಿ ಕುದಿಸಿದರೆ ಮಾತ್ರ ಬರುವ ಒಂದು ವಾಸನೆಯಿದೆ. ಹುರಿದ ಕಾಳಿನದು ಅರ್ಧ, ಒದ್ದೆ ಗೋಣಿಚೀಲದ್ದು ಅರ್ಧ. ಅದು ಮೂಗಿಗೆ ಬಡಿದರೆ ಸಾಕು, ನಾನು ಎರಡು ಬೀದಿ ಆಚೆಯ ನಂಜಮ್ಮತ್ತೆಯ ನಡುಮನೆಯಲ್ಲಿ ಕೂತಿರುತ್ತೇನೆ, ಐದು ವರ್ಷ ಚಿಕ್ಕವಳಾಗಿ, ಹತ್ತು ಬೆರಳಿಗೂ ಅಂಟು ಮೆತ್ತಿಕೊಂಡು.

ನಂಜಮ್ಮತ್ತೆ ನನ್ನ ಅಪ್ಪನ ಅಕ್ಕ. ಅವರ ಗಂಡ, ನನ್ನ ಮಾವ, ಇಲ್ಲೇ ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದರು. ನಾನು ಹೇಳುತ್ತಿರುವ ಹೊತ್ತಿಗೆ ಮಾವ ತೀರಿಕೊಂಡು ಮೂರು ವರ್ಷವಾಗಿತ್ತು, ಮಗ್ಗವೂ ಮನೆ ಬಿಟ್ಟು ಹೋಗಿತ್ತು. ಮಗ್ಗದ ಗುಂಡಿ ಇದ್ದ ಜಾಗಕ್ಕೆ ಅತ್ತೆ ಸಿಮೆಂಟು ಹಾಕಿಸಿದ್ದರು. ಆ ಚೌಕ ಮಾತ್ರ ಉಳಿದ ನೆಲಕ್ಕಿಂತ ಬೇರೆ ಬಣ್ಣ. ನಾವು ಡಬ್ಬಿ ಮಾಡಲು ಕೂರುತ್ತಿದ್ದುದು ಅದರ ಮೇಲೆ.

ನನ್ನ ಡಿಗ್ರಿಯ ಕೊನೆಯ ಪರೀಕ್ಷೆ ಮುಗಿದಿತ್ತು. ಫಲಿತಾಂಶ ಬರಲು ಎಷ್ಟು ದಿನವೋ ಯಾರಿಗೂ ಗೊತ್ತಿರಲಿಲ್ಲ. ಎಣಿಸಲು ಏನೂ ಇಲ್ಲದಿದ್ದರೆ ನನಗೆ ಕೈಕಾಲು ಆಡುವುದಿಲ್ಲ. ಏಳನೆಯ ತರಗತಿಯಿಂದ ದಿನಚರಿ ಬರೆಯುತ್ತೇನೆ. ಅತ್ತೆಯ ಮನೆಯ ಅಟ್ಟದ ಏಣಿಗೆ ಹನ್ನೊಂದು ಮೆಟ್ಟಿಲು ಎಂಬುದೂ ಅದರಲ್ಲಿದೆ. ಮನೆಗೆ ಯಾರು ಬಂದರೂ ಅತ್ತೆ ನನ್ನನ್ನು ಪರಿಚಯಿಸುತ್ತಿದ್ದ ರೀತಿ ಒಂದೇ: "ಉಗುರು ಕತ್ತರ್ಸುದ್ನೂ ಬರ್ದಿಟ್ಕತಳೆ ಕಣವ್ವ ಇವ್ಳು. ನಾಳೀಕೆ ಯಾರಾರ ಕೇಳುದ್ರೆ ಅಂತ."

ಡಬ್ಬಿಗೆ ಬೇಕಾದ ರಟ್ಟು ಆ ಅಟ್ಟದ ಮೇಲಿತ್ತು. ಮಗ್ಗದ ತಲೆಯ ಮೇಲೆ ಜಕಾರ್ಡ್ ಎಂಬ ಯಂತ್ರ ಕೂತಿರುವುದನ್ನು ನೀವು ನೋಡಿರಬಹುದು. ಸೀರೆಯ ಅಂಚಿನಲ್ಲಿ ಯಾವ ಹೂವು, ಯಾವ ಎಲೆ ಬರಬೇಕೆಂದು ಅದಕ್ಕೆ ತಿಳಿಸುವುದು ತೂತು ಹೊಡೆದ ರಟ್ಟಿನ ಪಟ್ಟಿಗಳು. ಅಡ್ಡ ಹಾಯುವ ಒಂದೊಂದು ಎಳೆಗೆ ಒಂದೊಂದು ಪಟ್ಟಿ. ಪಟ್ಟಿಗಳನ್ನೆಲ್ಲ ಸರಿಯಾದ ಸಾಲಿನಲ್ಲಿ ದಾರದಿಂದ ಪೋಣಿಸಿದರೆ ಅದೇ ಒಂದು ಅಂಚು. ಹಳೆಯದಾದ ಪಟ್ಟಿಗಳಿಂದ ಅತ್ತೆ ಮೊದಲಿನಿಂದಲೂ ಡಬ್ಬಿ ಮಾಡುತ್ತಿದ್ದರು: ಲಾಳಿಗೆ ಹಾಕುವ ನೂಲಿನ ಕಂಡಿಕೆಗಳಿಗೆ ಒಂದು, ಸೂಜಿಗೊಂದು, ಕರ್ಪೂರಕ್ಕೊಂದು.

ಲೆಕ್ಕ ಬಹಳ ಚೆನ್ನಾಗಿತ್ತು. ಒಂದು ಡಬ್ಬಿಗೆ ನಾಲ್ಕು ಪಟ್ಟಿ. ಒಂದನ್ನು ನಾಲ್ಕು ಕಡೆ ಮಡಚಿದರೆ ಒಳಗೋಡೆ, ಇನ್ನೊಂದು ಅದರ ಸುತ್ತ ಹೊರಗೋಡೆ. ಮೂರನೆಯದನ್ನು ನಾಲ್ಕು ತುಂಡು ಮಾಡಿ ಎರಡು ಉದ್ದಕ್ಕೆ, ಎರಡು ಅಡ್ಡಕ್ಕೆ ಅಂಟಿಸಿದರೆ ತಳ. ನಾಲ್ಕನೆಯದನ್ನೂ ಹಾಗೆಯೇ ತುಂಡು ಮಾಡಿ ಅಂಟಿಸಿದರೆ ಮುಚ್ಚಳ. ನಾನು ಸ್ಕೇಲು ಹಿಡಿದು ಎರಡೂ ಗೋಡೆಗಳನ್ನು ಒಂದೇ ಅಳತೆಗೆ ಗುರುತು ಮಾಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಹಾಗೆ. ಅಂಟಿಸಿದೆ. ಹೊರಗೋಡೆ ಮೂಲೆಯಲ್ಲಿ ಕೂಡಲಿಲ್ಲ. ಒಳಗಿನದು ಬಾಯಿ ತೆರೆದು ಇಣುಕಿತು. ಮತ್ತೆ ಅಳೆದೆ. ಅಳತೆ ಸರಿಯಾಗಿಯೇ ಇತ್ತು. ಮೂರನೆಯ ಸಲ ಅಳೆಯುವಾಗ ಅತ್ತೆ ಸ್ಕೇಲನ್ನು ಮೆಲ್ಲಗೆ ಕಿತ್ತುಕೊಂಡರು.

"ರಟ್ಗೂ ಮೈ ಅದೆ ಕಣ್ ಮಗ. ಒಳ್ಗಿರೋದ್ನ ತಬ್ಬಬೇಕು ಅಂದ್ರೆ ಒರ್ಗಿನದು ವಸಿ ಉದ್ದ ಇರ್ಬೇಕು."

ಪಟ್ಟಿಗಳೆಲ್ಲ ಒಂದೇ ಉದ್ದವಾದ್ದರಿಂದ ಒಳಗಿನದನ್ನೇ ಎರಡು ನೂಲು ಕಡಿಮೆ ಮಾಡಬೇಕು, ಮುಚ್ಚಳದ ಕೆಳಪದರವನ್ನು ಒಂದು ನೂಲು. ಒಂದು ಅಂಗುಲಕ್ಕೆ ಎಂಟು ನೂಲು ಎಂಬ ಬಡಗಿಗಳ ಲೆಕ್ಕ ಅದು. ಕತ್ತರಿಸಿದ ತುದಿಯಲ್ಲಿ ದಾರ ಪೋಣಿಸುವ ತೂತು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಬಾಯಿ ತೆರೆದ ಆ ಒಂದನೆಯ ಡಬ್ಬಿ ಈಗಲೂ ನನ್ನ ಹತ್ತಿರವಿದೆ. ಮುಚ್ಚಳ ಹಾಕಿದರೆ ಒಂದು ಮೂಲೆ ಎದ್ದು ನಿಲ್ಲುತ್ತದೆ.

ಮೂವತ್ತೆಂಟು ದಿನಗಳಲ್ಲಿ ನಾನು ಮಾಡಿದ್ದು ಇಪ್ಪತ್ತಮೂರು ಡಬ್ಬಿ. ಪ್ರತಿಯೊಂದಕ್ಕೂ ತಳದಲ್ಲಿ ಸಂಖ್ಯೆ, ದಿನಚರಿಯಲ್ಲಿ ಯಾರಿಗೆ ಕೊಟ್ಟೆ ಎಂಬ ಸಾಲು. ಹೀಗೆ ಕೈ ಕುದುರುತ್ತಾ ಬಂದಾಗ ಮನುಷ್ಯನಿಗೆ ಒಂದು ಸೊಕ್ಕು ಬರುತ್ತದೆ: ತನ್ನ ಕೈಗೆ ಸರಿಯಾದ ಸಾಮಾನು ಸಿಗುತ್ತಿಲ್ಲ ಎಂಬ ಸೊಕ್ಕು. ಅಟ್ಟದ ಮೇಲೆ ಎರಡು ಕಟ್ಟುಗಳಿದ್ದವು. ಮೇಲಿನದನ್ನು ಎಷ್ಟು ಬೇಕಾದರೂ ತಕ್ಕೋ, ಕೆಳಗಿನದನ್ನು ಮುಟ್ಟಬೇಡ ಎಂದು ಅತ್ತೆ ಮೊದಲ ದಿನವೇ ಹೇಳಿದ್ದರು. ಮೇಲಿನ ಕಟ್ಟಿನ ಪಟ್ಟಿಗಳಿಗೆ ಹುಳ ಬಿದ್ದಿತ್ತು, ಮಡಚಿದರೆ ಮುರಿಯುತ್ತಿದ್ದವು. ಕೆಳಗಿನವು ಗಟ್ಟಿ, ಅಂಚು ಕತ್ತಿಯ ಹಾಗೆ. ಅವುಗಳ ಒಂದು ತುದಿಯಲ್ಲಿ ನೀಲಿ ಶಾಯಿಯ ಸಂಖ್ಯೆಗಳೂ ಇದ್ದವು. ನನ್ನಂಥವಳಿಗೆ ಸಂಖ್ಯೆ ಕಂಡರೆ ನಂಟರು ಕಂಡ ಹಾಗೆ. ಹದಿನಾರು ಡಬ್ಬಿ ಮುಗಿದ ಸಂಜೆ ನಾನು ಕೆಳಗಿನ ಕಟ್ಟಿಗೆ ಕೈ ಹಾಕಿದೆ. ಆ ದಿನದ ದಿನಚರಿ ಹೇಳುವುದಿಷ್ಟು: "ಹೊಸ ಕಟ್ಟು ಬಿಚ್ಚಿದೆ. ರಟ್ಟು ಉತ್ತಮ."

ಹದಿನೇಳರಿಂದ ಇಪ್ಪತ್ತಮೂರರವರೆಗಿನ ಏಳು ಡಬ್ಬಿಗಳು ಅದರಿಂದಲೇ. ನಾನು ಮಾಡಿದವುಗಳಲ್ಲಿ ಚೆಂದದವೂ ಅವೇ. ಅವನ್ನು ನೋಡಿ ಕೈ ಪಳಗಿತು ಎಂದು ಅತ್ತೆ ಹೊಗಳಿದಾಗ ನಾನು ಸುಮ್ಮನೆ ನಕ್ಕೆ.

ಮುಂದಿನ ವಾರ ಹನೂರಿನಿಂದ ರಾಚಪ್ಪಮಾವ ಬಂದರು. ಅವರು ಮಾವನ ತಮ್ಮ. ಮನೆಯಲ್ಲಿ ಒಂದು ಮಗ್ಗ ಇಟ್ಟುಕೊಂಡು ಆಗಲೂ ನೇಯುತ್ತಿದ್ದರು. ಕಾಫಿ ಕುಡಿದು ಲೋಟ ಕೆಳಗಿಡುವ ಮೊದಲೇ ಬಂದ ಕೆಲಸ ಹೇಳಿದರು. ಕಣ್ಣು ಮಂಜಾಗುತ್ತಿದೆ, ಇನ್ನೊಂದು ವರ್ಷ ನೇಯ್ದರೆ ಹೆಚ್ಚು. ಅಷ್ಟರೊಳಗೆ ಅಣ್ಣನ ಹುಣಿಸೆ ಎಲೆ ಅಂಚನ್ನು ಒಮ್ಮೆ ನೇಯಬೇಕು.

"ಯಾರ್ಗೆ?" ಎಂದರು ಅತ್ತೆ.

"ನಿಮ್ಗೇ ಅತ್ಗೆ. ಅಣ್ಣ ಅಷ್ಟೊಂದು ನೇಯ್ದ, ನಿಮ್ಗೊಂದು ಉಡ್ಸಿದ್ನಾ?"

ಆ ಅಂಚನ್ನು ಮಾವನೇ ಬಿಡಿಸಿ, ತೂತು ಹೊಡೆದು, ಸಂಖ್ಯೆ ಬರೆದು ಮಾಡಿದ್ದು ಎಂದು ನನಗೆ ಗೊತ್ತಾದದ್ದು ಆಗ. ನೇಯ್ದ ಸೀರೆಗಳೆಲ್ಲ ಅಂಗಡಿಗೆ ಹೋಗಿದ್ದವು. ಅತ್ತೆ ಅವಕ್ಕೆ ಕಂಡಿಕೆ ಸುತ್ತಿದ್ದರೇ ಹೊರತು ಒಂದನ್ನೂ ಉಟ್ಟಿರಲಿಲ್ಲ. ಮನೆಯಲ್ಲಿ ಆ ಎಲೆ ಉಳಿದಿದ್ದುದು ಕೆಳಗಿನ ಕಟ್ಟಿನ ತೂತುಗಳಲ್ಲಿ ಮಾತ್ರ.

ಕಟ್ಟನ್ನು ಇಳಿಸಿದವರು ರಾಚಪ್ಪಮಾವ. ಅತ್ತೆ ಅದನ್ನು ಮಡಿಲಲ್ಲಿ ಇಟ್ಟುಕೊಂಡು, "ಇದ್ಯಾಕೆ ಇಷ್ಟು ಅಗುರ?" ಎಂದರು. ಎಣಿಸಿದರೆ ನೂರು ಪಟ್ಟಿ. ಇರಬೇಕಾದದ್ದು ನೂರ ಇಪ್ಪತ್ತೆಂಟು. ಇಲಿ ಎಳೆದುಕೊಂಡು ಹೋಗಿರಬೇಕು ಎಂದು ರಾಚಪ್ಪಮಾವ ಅಟ್ಟದ ಮೂಲೆಗೆಲ್ಲ ಟಾರ್ಚು ಬಿಟ್ಟರು. ನಾನು ಏಣಿ ಹಿಡಿದು ನಿಂತಿದ್ದೆ. ರಾಚಪ್ಪಮಾವ ಬರಿಗೈಯಲ್ಲಿ ಬಸ್ಸು ಹತ್ತಿದರು. ನನ್ನ ದಿನಚರಿಯಲ್ಲಿ ಖಾಲಿಯಾಗಿರುವುದು ಒಂದೇ ಒಂದು ಪುಟ. ಅದು ಆ ದಿನದ್ದು.

ಮರುದಿನ ಬೆಳಗ್ಗೆ ದಿನಚರಿ ಹಿಡಿದುಕೊಂಡು ಹೋಗಿ, ಇಲಿಯಲ್ಲ, ನಾನು ಎಂದೆ. ಅತ್ತೆ ಅಲಸಂದೆಕಾಯಿ ಸುಲಿಯುತ್ತಿದ್ದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಸುಲಭವಾಗುತ್ತಿತ್ತು. ಅವರು ಮೊರದಲ್ಲಿದ್ದ ಕಾಯಿಯನ್ನೆಲ್ಲ ಸುಲಿದು ಮುಗಿಸಿದರು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡರು.

"ಯಾರ್ಯಾರ್ಗೆ ಕೊಟ್ಟಿದ್ದೀಯ? ಬರ್ದಿರ್ತೀಯಲ್ಲ, ಓದು."

ಓದಿದೆ. ಆಮೇಲೆ ಶುರುವಾಯಿತು ಡಬ್ಬಿಗಳನ್ನು ವಾಪಸು ತರುವ ನನ್ನ ಬಸ್ ಪ್ರಯಾಣ. ಮೊದಲಿನ ಮೂರು ಇಲ್ಲೇ ಸಿಕ್ಕವು: ಅಮ್ಮನದು (ಈಗ ತಳ ಬಿಟ್ಟಿರುವುದು ಅದರ ಬದಲಿಗೆ ಆಮೇಲೆ ಮಾಡಿಕೊಟ್ಟದ್ದು), ಅತ್ತೆಯ ಗೂಡಿನದು, ಬೀದಿಯ ಕೊನೆಯ ದರ್ಜಿಯದು. ಯಳಂದೂರಿನ ಗೆಳತಿ ಗೀತಾ ಕಿವಿಯೋಲೆಗಳನ್ನು ಕರವಸ್ತ್ರಕ್ಕೆ ಸುರಿದುಕೊಂಡು, ಕೊಟ್ಟದ್ದನ್ನು ವಾಪಸು ಕೇಳುವವಳನ್ನು ಇದೇ ಮೊದಲು ನೋಡಿದ್ದು ಎಂದಳು. ಅವಳ ಅಣ್ಣನಿಗೆ ಬಿಳಿಗಿರಿರಂಗನ ಬೆಟ್ಟದಲ್ಲಿ ಅರಣ್ಯ ಇಲಾಖೆಯ ಕೆಲಸ. ಅವನು ಟಾರ್ಚಿನ ಸೆಲ್ಲುಗಳನ್ನು ಐದನೆಯ ಡಬ್ಬಿಯಲ್ಲಿ ಇಟ್ಟಿದ್ದ. ಲೊಕ್ಕನಹಳ್ಳಿಯ ಚಿಕ್ಕಮ್ಮ ಸೋರೆ ಬೀಜ ತುಂಬಿಸಿಟ್ಟಿದ್ದಳು. ತೂತುಗಳಿಂದ ಗಾಳಿಯಾಡಿ ಬೀಜಕ್ಕೆ ಬೂಸ್ಟು ಹಿಡಿಯಲಿಲ್ಲ, ಹಾಗಾಗಿ ಕೊಡುವುದಿಲ್ಲ ಎಂದು ಹಟ ಹಿಡಿದಳು. ಹೊಸದನ್ನು ಮಾಡಿಕೊಡುವ ಭಾಷೆ ಮೇಲೆ ಬಿಟ್ಟಳು.

ಏಳನೆಯದು ಗೋಪಿನಾಥಂನಲ್ಲಿತ್ತು. ನನ್ನ ಜೊತೆ ಓದಿದ ಸೆಲ್ವಿಯ ಅಪ್ಪ ಮೀನು ಹಿಡಿಯುತ್ತಾರೆ, ಗಾಳಗಳನ್ನು ಇಡಲೆಂದು ಅವರಿಗೆ ಕೊಟ್ಟಿದ್ದೆ. ಬೆಳಗಿನ ಬಸ್ಸಿಗೆ ಹೊರಟವಳು ಮಧ್ಯಾಹ್ನ ಮುಟ್ಟಿದೆ. ಅವರು ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಬಹಳ ಸಂಕಟಪಟ್ಟುಕೊಂಡು ಹೇಳಿದರು: ತೆಪ್ಪ ವಾಲಿ ಪೆಟ್ಟಿ ನೀರಿಗೆ ಬಿತ್ತು, ಎತ್ತುವಷ್ಟರಲ್ಲಿ ಅಂಬಲಿಯಾಗಿತ್ತು. ಅದರ ಬದಲಿಗೆ ಎರಡು ಮೀನು ಕೊಟ್ಟು ಕಳಿಸಿದರು. ಬಸ್ಸಿನಲ್ಲಿ ಅವನ್ನು ತೊಡೆಯ ಮೇಲೆ ಇಟ್ಟುಕೊಂಡು ಬರುವಾಗ, ರಟ್ಟಿನ ಡಬ್ಬಿಯನ್ನು ಮೀನುಗಾರನಿಗೆ ಕೊಟ್ಟ ನನ್ನ ಬುದ್ಧಿಯನ್ನು ಎಷ್ಟು ಬಗೆಯಲ್ಲಿ ಬೈದುಕೊಳ್ಳಬಹುದೋ ಅಷ್ಟೂ ಬೈದುಕೊಂಡೆ.

ಆರು ಡಬ್ಬಿಗಳನ್ನು ಬಿಚ್ಚಿದ್ದು ಇಡ್ಲಿ ಪಾತ್ರೆಯ ಆವಿಯಲ್ಲಿ. ಹುಣಿಸೆ ಬೀಜದ ಅಂಟು ಆವಿಗೆ ಮೆತ್ತಗಾಗುತ್ತದೆ. ಹೊತ್ತು ಮೀರಿದರೆ ರಟ್ಟೂ ಮೆತ್ತಗಾಗುತ್ತದೆ. ಎರಡರ ನಡುವಿನ ಆ ಗಳಿಗೆ ಗಡಿಯಾರದಲ್ಲಿ ಸಿಗಲಿಲ್ಲ, ಅತ್ತೆಯ ಹೆಬ್ಬೆರಳಿಗೆ ಸಿಗುತ್ತಿತ್ತು. ಆರನೆಯದರ ಹೊತ್ತಿಗೆ ನನ್ನದಕ್ಕೂ ಸಿಕ್ಕಿತು. ಮೂಲೆ ಹೇಗೆ ನಿಲ್ಲುತ್ತದೆ, ಅಡ್ಡಪದರ ಯಾಕೆ ಬೇಕು, ಅಂಟು ಎಲ್ಲಿ ಹೆಚ್ಚಾಗಿತ್ತು ಎಂಬುದೆಲ್ಲ ನನಗೆ ಗೊತ್ತಾದದ್ದು ಮಾಡುವಾಗಲ್ಲ, ಹೀಗೆ ಬಿಚ್ಚುವಾಗ. ತುಂಡುಗಳನ್ನು ರುಬ್ಬುಗುಂಡಿನ ಕೆಳಗೆ ಒಣಗಿಸಿ, ಸಾಲಾಗಿ ಜೋಡಿಸಿ, ಅವುಗಳ ತೂತುಗಳನ್ನು, ಹೊಸ ಪಟ್ಟಿಗಳ ಮೇಲೆ ಹೊಡೆಯಲೆಂದು, ಚೌಕಳಿ ಹಾಳೆಗೆ ಇಳಿಸಿಕೊಂಡೆ. ಇಪ್ಪತ್ನಾಲ್ಕು ಪಟ್ಟಿ ಮರಳಿ ಬಂದವು. ಬಾರದವು ನಾಲ್ಕು: ಅರವತ್ತೊಂದರಿಂದ ಅರವತ್ತನಾಲ್ಕು.

ಹನೂರಿಗೆ ಉಳಿದ ನೂರು ಪಟ್ಟಿಗಳ ಕಟ್ಟನ್ನೂ ಹಾಳೆಯನ್ನೂ ತೆಗೆದುಕೊಂಡು ಅತ್ತೆಯೂ ನಾನೂ ಹೋದೆವು. ರಾಚಪ್ಪಮಾವ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ನಾಲ್ಕು ಎಳೆ ತಾನೆ, ಅತ್ತ ಇತ್ತ ನೋಡಿಕೊಂಡು ಅಂದಾಜಿನ ಮೇಲೆ ತೂತು ಹೊಡೆದರೆ ಯಾರಿಗೂ ತಿಳಿಯುವುದಿಲ್ಲ ಎಂದರು. ನಾನು ಕೂಡಲೇ ಪೆನ್ಸಿಲು ತೆಗೆದೆ. ನನ್ನ ತಪ್ಪು ಅಲ್ಲಿಗೆ ಮುಚ್ಚಿಹೋಗುತ್ತಿತ್ತು.

"ಬ್ಯಾಡಿ," ಎಂದರು ಅತ್ತೆ. "ಅವ್ರು ಏನ್ ಬುಡ್ಸಿದ್ರೋ ಅಷ್ಟೇ ಬರ್ಲಿ. ಮಿಕ್ಕುದ್ದು ಖಾಲಿ ಬುಡಿ."

ಆ ನಾಲ್ಕು ಜಾಗಕ್ಕೆ ಅಂಚಿನ ತೂತುಗಳಿಲ್ಲದ ಪಟ್ಟಿ ಹಾಕಿದರು. ಸೀರೆ ಬರಲು ಮುಂದಿನ ಬೇಸಿಗೆಯಾಯಿತು. ಅರಿಶಿನದ ಮೈ, ಹಸಿರು ಅಂಚು. ಅಂಚಿನ ಉದ್ದಕ್ಕೂ ಪುಟ್ಟ ಪುಟ್ಟ ಎಲೆಗಳ ಜೋಡಿ ಹೊತ್ತ ಕಡ್ಡಿಗಳು, ಪಟ್ಟಿಗಳ ಒಂದು ಸುತ್ತಿಗೆ ಒಂದು. ಪ್ರತಿ ಕಡ್ಡಿಯ ನಡುವೆ ಒಂದು ಕಡೆ ಉಗುರಿನ ಅಂಚಿನಷ್ಟು ಬರಿದು, ಒಂದು ಜೊತೆ ಎಲೆ ಉದುರಿಹೋದ ಹಾಗೆ. ಗೊತ್ತಿಲ್ಲದವರಿಗೆ ಅದು ಕಾಣುವುದಿಲ್ಲ. ನನಗೆ ಅದೊಂದೇ ಕಾಣುತ್ತದೆ.

ಇದನ್ನೆಲ್ಲ ಇವತ್ತು ಯಾಕೆ ಬರೆಯುತ್ತಿದ್ದೇನೆಂದರೆ, ಮೊನ್ನೆ ಗುರುವಾರ ಯಳಂದೂರಿನ ಒಂದು ಮದುವೆಗೆ ಅತ್ತೆ ಆ ಸೀರೆ ಉಟ್ಟು ಹೋಗಿದ್ದರು. ಊಟದ ಸಾಲಿನಲ್ಲಿ ಗುರುತಿಲ್ಲದ ಹೆಂಗಸೊಬ್ಬರು ಅಂಚು ಹಿಡಿದು ನೋಡಿ, "ಇಂತದೇ ನಮ್ಮವ್ವಂತಾವ ಒಂದದೆ ಕಣ್ರೀ" ಎಂದರಂತೆ. ಅಷ್ಟರಲ್ಲಿ ಎಲೆ ಹಾಕಿದರು, ಜನ ನುಗ್ಗಿದರು. ಊಟ ಮುಗಿಸಿ ಹುಡುಕಿದರೆ ಅವರಿಲ್ಲ. ಅವರ ಹೆಸರಾಗಲಿ ಊರಾಗಲಿ ಅತ್ತೆ ಕೇಳಿರಲಿಲ್ಲ. ಖಾಲಿ ಬಿಡಿ ಎಂದಿದ್ದ ಅತ್ತೆಯೇ, ಅವರನ್ನು ಹುಡುಕಬೇಕೆಂದು, ಅಂದಿನಿಂದ ದಿನಕ್ಕೆರಡು ಸಲ ಫೋನು ಮಾಡುತ್ತಾರೆ. ನಿನ್ನೆ ಹೇಳಿದ್ದು ಇದು: "ನಾನು ಏನೂ ಬರ್ಕಳಲಿಲ್ಲ ಕಣ್ ಮಗ. ನೀನು ಜೊತೇಲಿದ್ದಿದ್ರೆ ಬರ್ಕಂಡಿರೋಳು."

ಗಂಟೆ ಹತ್ತೂ ಐದು. ಅಂಟು ಆರಿ ಕೆನೆ ಕಟ್ಟಿದೆ, ಮತ್ತೆ ಬಿಸಿ ಮಾಡಬೇಕು. ಅಮ್ಮನ ಪಿನ್ನುಗಳು ತಟ್ಟೆಯಲ್ಲಿ ಕಾಯುತ್ತಿವೆ.

ಹುಣಿಸೆ ಎಲೆ ಅಂಚಿನ ಹಳೆಯ ಕೊಳ್ಳೇಗಾಲದ ಸೀರೆ ನಿಮ್ಮ ಮನೆಯಲ್ಲಿದ್ದರೆ, ಅಥವಾ ಇರುವವರು ಗೊತ್ತಿದ್ದರೆ, ದಯವಿಟ್ಟು ಈ ಪತ್ರಿಕೆಗೆ ಒಂದು ಕಾಗದ ಬರೆಯಿರಿ. ಸೀರೆ ಕಳಿಸುವುದು ಬೇಡ, ನಾನೇ ಬರುತ್ತೇನೆ. ಅಂಚನ್ನು ಬೆಳಕಿಗೆ ಹಿಡಿದು ಒಂದು ಕಡ್ಡಿಯ ನಡುವಿನ ನಾಲ್ಕು ಎಳೆಗಳನ್ನು ನೋಡಿಕೊಳ್ಳಲು ಬಿಟ್ಟರೆ ಸಾಕು. ಚೌಕಳಿ ಹಾಳೆ ನನ್ನ ಹತ್ತಿರ ಹಾಗೆಯೇ ಇದೆ. ಅರವತ್ತನೆಯ ಸಾಲಾದ ಮೇಲೆ ನಾಲ್ಕು ಸಾಲು ಬಿಟ್ಟಿದ್ದೇನೆ.