ಅಂಗಡಿಯಿಂದ ಬಂದ ಆ ಫೋನು

ಭಾಗ್ಯಾ, ಆ ಸೀರೆ ಅಂಗಡಿಯಿಂದ ಫೋನ್ ಬಂದಿತ್ತು. ನನಗೇ ಬಂದಿತ್ತು. ನಿನಗೆ ಸಿಗಬೇಕಾಗಿದ್ದ ಕೆಲಸವನ್ನು ತಪ್ಪಿಸಿದವಳು ನಾನು. ಆರು ವರ್ಷ ಬಾಯಿ ಮುಚ್ಚಿಕೊಂಡಿದ್ದೆ — ಇವತ್ತು ಬರೆಯುತ್ತಿದ್ದೇನೆ.

ಅದು ಬುಧವಾರ, ಕಾವೇರಿ ನೀರು ಬರುವ ದಿನ. ಐದೂವರೆಗೆ ಎದ್ದು ಸಂಪಿನ ಮುಚ್ಚಳ ತೆಗೆದು ನೀರು ಬೀಳುತ್ತಿದೆಯಾ ನೋಡಿದೆ. ಹಾಲು ಕಾಯಿಸಿದೆ. ಅವರೆಕಾಳು ಹಾಕಿ ಉಪ್ಪಿಟ್ಟು ಮಾಡಿದೆ. ನಮ್ಮ ಯಜಮಾನರು ತಿಂದು, ಡಬ್ಬಿ ಹಿಡಿದು ಮೆಟ್ರೋಗೆ ಹೊರಟರು. ಮಗಳು ಎರಡು ಚಮಚ ತಿಂದ ಶಾಸ್ತ್ರ ಮಾಡಿ ಕಾಲೇಜಿಗೆ ಓಡಿದಳು. ಮಿಕ್ಕಿದ್ದರಲ್ಲಿ, ಕಾಳು ಹೆಚ್ಚಾಗಿರುವ ಕಡೆಯಿಂದಲೇ ತೋಡಿ, ಮಧ್ಯಾಹ್ನ ನೀನು ಬಂದಾಗ ಕೊಡೋಣವೆಂದು ಪುಟ್ಟ ಸ್ಟೀಲ್ ಡಬ್ಬಿಗೆ ಹಾಕಿಟ್ಟೆ. ಇದನ್ನೇಕೆ ಹೇಳುತ್ತೇನೆಂದರೆ — ನಿನ್ನ ಮೇಲೆ ಅಂದು ನನಗೆ ಸಿಟ್ಟಿರಲಿಲ್ಲ. ಹೊಟ್ಟೆಕಿಚ್ಚೂ ಇರಲಿಲ್ಲ. ಪ್ರೀತಿಯೇ ಇತ್ತು. ಪ್ರೀತಿ ಇಟ್ಟುಕೊಂಡೇ ಮಾಡಿದೆ ಎನ್ನುವುದು ಈಗ ಇನ್ನಷ್ಟು ಚುಚ್ಚುತ್ತದೆ.

ನೀನು ನಮ್ಮ ಹಿಂದಿನ ಕ್ರಾಸಿನವಳು. ನನ್ನ ಸೀರೆಗಳಿಗೆ ಫಾಲ್ ಹೊಲಿದುಕೊಡುತ್ತಾ ಪರಿಚಯವಾದವಳು. ವಿಜಯನಗರದ ಮೇನ್ ರೋಡಿನಲ್ಲಿ ಮೂರು ಮಹಡಿಯ ಸೀರೆ ಅಂಗಡಿ ಬರುತ್ತದಂತೆ, ಇಂಗ್ಲಿಷ್ ಬರುವ ಹೆಂಗಸರು ಬೇಕಂತೆ ಎಂದು ಸುದ್ದಿಯಾದ ದಿನವೇ ಉದ್ದದ ನೋಟ್‌ಬುಕ್ ಹಿಡಿದು ನಮ್ಮ ಬಾಗಿಲಿಗೆ ಬಂದೆ.

“ಅಕ್ಕ, ನೀವು ಕಾನ್ವೆಂಟಲ್ಲಿ ಓದಿದೋರಲ್ವಾ. ಅಂಗಡಿಗೆ ಎಷ್ಟು ಬೇಕೋ ಅಷ್ಟು ಇಂಗ್ಲಿಷ್ ಹೇಳ್ಕೊಡಿ ಸಾಕು, ಮಿಕ್ಕಿದ್ದು ನಂಗ್ಬೇಡ.”

ಅಂದಿನಿಂದ ದಿನಾ ಎರಡೂವರೆಗೆ ನಮ್ಮ ಊಟದ ಮೇಜು ಅಂಗಡಿಯಾಗುತ್ತಿತ್ತು. ಬೀರುವಿನಿಂದ ನನ್ನ ಸೀರೆಗಳನ್ನೇ ತೆಗೆದು ಹರಡುತ್ತಿದ್ದೆವು. ನಾನು ಗಿರಾಕಿ, ನೀನು ಅಂಗಡಿಯವಳು. ಪೇಪರಿನಲ್ಲಿ ಬರುವ ಪೂರಾ ಪುಟದ ಜಾಹೀರಾತುಗಳೇ ನಮ್ಮ ಪಾಠದ ಪುಸ್ತಕ. ‘ಅಪ್ ಟು ಫಿಫ್ಟಿ ಪರ್ಸೆಂಟ್ ಆಫ್’ ಎಂದರೆ ಎಲ್ಲದಕ್ಕೂ ಅರ್ಧ ಬೆಲೆಯಲ್ಲ ಎಂದು ನಾನು ಹೇಳುವ ಮೊದಲೇ ನೀನು ಆ ಸಾಲಿನ ಪಕ್ಕದ ಸಣ್ಣ ನಕ್ಷತ್ರದ ಮೇಲೆ ಬೆರಳಿಟ್ಟು, ಇರುವೆ ಗಾತ್ರದಲ್ಲಿ ಕೆಳಗೆ ಬರೆದಿರುವುದೇ ನಿಜವಾದ ಮಾತು ಅಲ್ಲವಾ ಎಂದು ಕೇಳಿದ್ದೆ. ‘ಸೆಲ್ಲಿಂಗ್ ಲೈಕ್ ಹಾಟ್ ಕೇಕ್ಸ್’ ಹೇಳಿಕೊಟ್ಟ ದಿನ ಮಾತ್ರ ಒಪ್ಪಲೇ ಇಲ್ಲ.

“ಬಿಸಿ ಕೇಕ್ ಯಾರು ತಿಂತಾರಕ್ಕ?”

“ಬಿಸಿ ಬೋಂಡ ಅಂತ ತಿಳ್ಕೊಳೇ.”

“ಹಂಗನ್ನಿ ಮತ್ತೆ. ಬೋಂಡ ಆದ್ರೆ ಸಂಜೆ ಆರಕ್ಕೆ ಖಾಲಿ.”

ನೋಟ್‌ಬುಕ್ಕಿನಲ್ಲಿ ನೀನು ಕೇಕಿನ ಮುಂದೆ ಬೋಂಡ ಎಂದೇ ಬರೆದುಕೊಂಡೆ. ‘ಶಾಪ್ ಅರೌಂಡ್’ ಎಂಬುದರ ಮುಂದೆ ‘ನಮ್ಮತ್ತೆ’ ಎಂದು ಬರೆದಿದ್ದೆ — ನಾಲ್ಕು ಅಂಗಡಿ ಹತ್ತಿಳಿಯದೆ ಒಂದು ಟವೆಲ್ಲೂ ಕೊಳ್ಳದವರು ಅವರು. ನಾನು ಎಷ್ಟು ನಕ್ಕಿದ್ದೆ.

ನನ್ನ ಇಂಗ್ಲಿಷಿನ ಕಥೆ ನಿನಗೆ ಹೇಳಿರಲಿಲ್ಲ. ಶಾಲೆಯಲ್ಲಿ ಇಂಗ್ಲಿಷ್ ಎಲೊಕ್ಯೂಷನ್ ಸ್ಪರ್ಧೆಯಲ್ಲಿ ಬಹುಮಾನ ತೆಗೆದುಕೊಂಡವಳು ನಾನು. ಮದುವೆಯಾಗಿ ಬಂದ ಮೇಲೆ ಅದು ಬಳಕೆಯಾದದ್ದು ಮಾತ್ರೆಯ ಚೀಟಿ ಓದುವುದಕ್ಕೆ, ಮಗಳ ಸ್ಕೂಲಿನ ಫಾರಂ ತುಂಬುವುದಕ್ಕೆ. ನಾನು ಒಂದು ವಾಕ್ಯ ಆಡಿದರೆ ಮಗಳು, “ಅಮ್ಮಾ, ಹೀಗೆ ಈಗ ಯಾರೂ ಮಾತಾಡಲ್ಲ,” ಎನ್ನುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಬಾಯಿಂದ ಬಿದ್ದ ಮಾತನ್ನು ಬರೆದುಕೊಂಡವಳು ನೀನೊಬ್ಬಳೇ. ಎರಡೂವರೆಗೆ ಗೇಟಿನ ಚಿಲಕ ಸದ್ದಾದರೆ ನಾನು ಕನ್ನಡಿ ನೋಡಿಕೊಂಡು ಬಾಗಿಲು ತೆಗೆಯುತ್ತಿದ್ದೆ. ನೀನು ಗಮನಿಸಿದ್ದೆಯೋ ಏನೋ.

ಆ ಬುಧವಾರ ಹನ್ನೊಂದು ಗಂಟೆಗೆ ಫ್ರಿಜ್ಜಿನ ಮೇಲಿದ್ದ ಫೋನು ಅದುರಿತು. ಅಂಗಡಿಯ ಅರ್ಜಿಯಲ್ಲಿ, ನಿಮ್ಮನ್ನು ಬಲ್ಲವರು ಯಾರು ಎಂಬ ಸಾಲಿನಲ್ಲಿ ನೀನು ನನ್ನ ಹೆಸರು, ನಂಬರು ಬರೆದಿದ್ದೆಯಲ್ಲ — ಅದಕ್ಕೆ ಮಾಡಿದ್ದರು. ಮ್ಯಾನೇಜರಂತೆ. ಇಂಗ್ಲಿಷಿನಲ್ಲೇ ಮಾತಾಡಿದರು. ಇಂಟರ್‌ವ್ಯೂನಲ್ಲಿ ನೀನು ಸೀರೆ ಬಿಡಿಸಿ ತೋರಿಸಿದ ರೀತಿ ಅವರಿಗೆ ಹಿಡಿಸಿತ್ತಂತೆ. ಇಬ್ಬರಲ್ಲಿ ಒಬ್ಬರನ್ನು ಇವತ್ತೇ ಆರಿಸಬೇಕು, ಇಂಗ್ಲಿಷ್ ಮಾತಾಡುವ ಗಿರಾಕಿ ಬಂದರೆ ನಿಭಾಯಿಸುತ್ತಾಳಾ ಎಂದು ಕೇಳಿದರು.

ನೀನು ನಿಭಾಯಿಸುತ್ತಿದ್ದೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಹಿಂದಿನ ಶುಕ್ರವಾರವೇ, ಇದು ಪ್ಯೂರ್ ಸಿಲ್ಕ್ ಎಂದು ಹೇಗೆ ನಂಬಲಿ ಎಂದು ನಾನು ಗಿರಾಕಿಯ ಜಂಬದಲ್ಲಿ ಇಂಗ್ಲಿಷಿನಲ್ಲಿ ಕೇಳಿದಾಗ, ನೀನು ಸೆರಗನ್ನು ನನ್ನ ಅಂಗೈ ಮೇಲೆ ಹರಡಿ, “ಟಚ್ ಅಂಡ್ ಸೀ ಮೇಡಂ, ಯುವರ್ ಹ್ಯಾಂಡ್ ವಿಲ್ ಟೆಲ್,” ಎಂದಿದ್ದೆ. ಅದನ್ನು ನಾನು ಕಲಿಸಿರಲಿಲ್ಲ. ನನ್ನ ಮದುವೆಯ ಸೀರೆ ಅದು — ಒಂದು ಕ್ಷಣ ಅದನ್ನೇ ಕೊಂಡುಬಿಡೋಣ ಎನ್ನಿಸಿತು ನನಗೆ.

ಆದರೂ ಫೋನಿನಲ್ಲಿ ನಾನು ಅಂದದ್ದು ಇದು:

“ಶೀ ಈಸ್ ಅ ವೆರಿ ನೈಸ್ ಗರ್ಲ್. ಬಟ್ ಶೀ ಈಸ್ ನಾಟ್ ರೆಡಿ ಯೆಟ್.”

ತುಂಬ ಒಳ್ಳೆಯ ಹುಡುಗಿ, ಆದರೆ ಇನ್ನೂ ತಯಾರಾಗಿಲ್ಲ. ಆರು ತಿಂಗಳಾದರೂ ಬೇಕು ಎಂದೂ ಸೇರಿಸಿದೆ. ನೀನು ಹೊರಟುಹೋದರೆ ಎರಡೂವರೆಗೆ ನನಗೆ ಯಾರು… ಅಷ್ಟೇ ಇದ್ದದ್ದು ತಲೆಯಲ್ಲಿ. ಅವರು ಥ್ಯಾಂಕ್ಸ್ ಹೇಳಿ, ನೀವು ಯಾವ ಸ್ಕೂಲಿನಲ್ಲಿ ಟೀಚರ್ ಮೇಡಂ ಎಂದು ಕೇಳಿದರು. ನನಗೆ ಖುಷಿಯಾಯಿತು ಭಾಗ್ಯಾ. ಅದನ್ನೂ ಬರೆಯಬೇಕು — ಖುಷಿಯಾಯಿತು.

ಮಧ್ಯಾಹ್ನ ನೀನು ಬಂದೆ. ಚಪ್ಪಲಿ ಬಿಡುತ್ತಲೇ ಕೇಳಿದೆ.

“ಅಕ್ಕ, ಯಾರಾದ್ರೂ ಫೋನ್ ಮಾಡಿದ್ರಾ?”

“ಇಲ್ವಲ್ಲ ಕಣೇ.”

ಉಪ್ಪಿಟ್ಟು ಬಿಸಿ ಮಾಡಿ ಕೊಟ್ಟೆ. ನೀನು ಇನ್ನೂ ಸ್ವಲ್ಪ ಕೇಳಿ ಹಾಕಿಸಿಕೊಂಡೆ. ಅಂದು ಎಂದಿಗಿಂತ ಅರ್ಧ ಗಂಟೆ ಹೆಚ್ಚು ಪಾಠ ಹೇಳಿದೆ. ಒಂದು ಸಲವೂ ತಪ್ಪು ತಿದ್ದಲಿಲ್ಲ.

ಮುಂದಿನದು ನಿನಗೆ ಗೊತ್ತು. ಆ ಕೆಲಸಕ್ಕೆ ಬೇರೆ ಯಾರೋ ಸೇರಿದರು. ನಾನೇ ದಡ್ಡಿ ಅಕ್ಕ ಎಂದು ನೀನು ನಕ್ಕೆ. ನಾನು ಎದುರು ಕೂತು ಸಮಾಧಾನ ಹೇಳಿದೆ. ಇನ್ನೂ ಎರಡು ವರ್ಷ ಫಾಲ್ ಹೊಲಿದು ಹೊಲಿದು ಕನ್ನಡಕ ಹಾಕಿಕೊಂಡೆ ನೀನು. ಆಮೇಲೆ ಯಾರನ್ನೂ ಕೇಳದೆ, ಯಾರ ನಂಬರನ್ನೂ ಕೊಡದೆ, ಚಂದ್ರಾ ಲೇಔಟಿನ ಅಂಗಡಿಯೊಂದಕ್ಕೆ ನೇರವಾಗಿ ನುಗ್ಗಿ ಕೆಲಸ ಗಿಟ್ಟಿಸಿದೆ. ಈಗ ಕೆಂಗೇರಿಯಲ್ಲಿದ್ದೀಯ. ಹೋದ ವಾರ ಫೋನ್ ಮಾಡಿ, ಹೊಸ ಹುಡುಗಿಯರಿಗೆ ನಾನೇ ಕಲಿಸುವುದು ಅಕ್ಕ, ನನಗೆ ಕಲಿಸಿದವರು ಎಂದು ನಿಮ್ಮ ಹೆಸರು ಹೇಳಿಯೇ ಶುರು ಮಾಡುತ್ತೇನೆ ಎಂದೆಯಲ್ಲ — ಅದಾದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ನನ್ನ ಹೆಸರು ಹೇಳಬೇಡ. ಅಥವಾ ಇದನ್ನೆಲ್ಲ ತಿಳಿದ ಮೇಲೆ ನಿನಗೆ ಏನು ಹೇಳಬೇಕೆನಿಸುತ್ತದೋ, ಅದನ್ನು ಹೇಳು.

ಭಾನುವಾರ ಕೆಂಗೇರಿಗೆ ಬರುತ್ತೇನೆ. ಈ ಕಾಗದವನ್ನು ನಿನ್ನ ಕೈಗೇ ಕೊಟ್ಟು, ನೀನು ಓದಿ ಮುಗಿಸುವವರೆಗೂ ಎದುರಿಗೆ ಕೂತಿರುತ್ತೇನೆ. ಎದ್ದು ಹೋಗು ಎಂದರೆ ಎದ್ದು ಬರುತ್ತೇನೆ.

ನಿನಗೆ ಗೊತ್ತಿಲ್ಲದ ಇನ್ನೊಂದು ಸಂಗತಿಯನ್ನೂ ಬರೆದುಬಿಡುತ್ತೇನೆ. ಆ ಬುಧವಾರ ಸಂಜೆ, ದೀಪ ಹಚ್ಚಿ ಗೇಟಿನ ಹತ್ತಿರ ನಿಂತಿದ್ದೆ. ಎದುರು ಮನೆಯ ಕಮಲಮ್ಮ ಮಾರ್ಕೆಟ್ಟಿನಿಂದ ಬಂದರು. ಚೀಲ ಕೆಳಗಿಟ್ಟು, ಅವರೆಕಾಯಿಯಲ್ಲಿ ಈ ಸಲ ಸೊಗಡೇ ಇಲ್ಲ ಎಂದು ಬೈದರು. ಚೀಲ ಎತ್ತಿಕೊಂಡು ಹೊರಟವರು, ತಿರುಗಿ, ಏನೋ ನೆನಪಾದ ಹಾಗೆ ಹೇಳಿದರು:

“ನಿಮ್ ಭಾಗ್ಯ ಚಪ್ಲಿ ಅಂಗ್ಡೀಲಿ ಸಿಕ್ಕಿದ್ಲು ರೀ. ಕೆಲ್ಸಕ್ಕೆ ಸೇರಿದ್ರೆ ದಿನಾ ನಿಂತ್ಕೊಂಡೇ ಇರ್ಬೇಕಂತಲ್ಲ, ಮೆತ್ತಗಿರೋದು ಯಾವ್ದು ಅಂತ ಒಂದೊಂದೇ ಹಾಕ್ಕೊಂಡು ನೋಡ್ತಿದ್ಲು. ನಿಮ್ ಅಳತೇದೂ ಒಂದ್ಜೊತೆ ತೆಗಿಸ್ತಿದ್ಲಪ್ಪ — ಅಕ್ಕಂಗೆ ಹಿಮ್ಮಡಿ ನೋವು, ಮೊದ್ಲನೇ ಸಂಬಳ ಬಂದ ತಕ್ಷಣ ಕೊಡಿಸ್ಬೇಕು ಅಂತ.”