ಒಂದು ದಿನದ ಮುಯ್ಯಾಳು

ಆಕೆಯ ಎಡಗೈ ಕಿರುಬೆರಳು ಮಡಚುತ್ತಿರಲಿಲ್ಲ. ಕಾಫಿ ಲೋಟ ಹಿಡಿದರೆ ಅದೊಂದು ಬೆರಳು ನೆಟ್ಟಗೆ ನಿಂತಿರುತ್ತಿತ್ತು. "ಮಹಾರಾಣಿಯವ್ರದ್ದು ಕಾಫಿ ಆಯ್ತಾ?" ಎಂದು ನಾವೆಲ್ಲ ರೇಗಿಸುತ್ತಿದ್ದೆವು. ಆ ಬೆರಳು ಕುಯ್ದುಕೊಂಡದ್ದು ನಮ್ಮ ಗದ್ದೆಯಲ್ಲಿ, ನಾನು ಜಾವಳಿ ಊರಿನ ಈ ಮನೆಗೆ ಸೊಸೆಯಾಗಿ ಬಂದ ಮೊದಲ ವರ್ಷದ ಭತ್ತದ ಕೊಯ್ಲಿನಲ್ಲಿ. ರಕ್ತ ನೋಡಿ ನಾನು ಕೆಸರಲ್ಲೇ ಕೂತುಬಿಟ್ಟೆ. ಆಕೆ ಬದುವಿನ ಮೇಲಿದ್ದ ಕಮ್ಯುನಿಸ್ಟ್ ಗಿಡ ಅನ್ನುವ ಕಳೆಯ ಎಲೆ ಕಿತ್ತು, ಹೊಸಕಿ ರಸ ಹಿಂಡಿ, ಸೆರಗಿನ ಅಂಚು ಹರಿದು ಬಿಗಿದುಕೊಂಡು, "ಬೆರಳು ಹೋದ್ರೆ ಹೋಗ್ಲಿ, ಸಾಲು ಹಿಂದೆ ಬೀಳ್ಬಾರ್ದು. ಏಳೇ" ಅಂದಳು.

ನಮ್ಮ ಮನೆಯಿಂದ ಇಳಿದರೆ ಗದ್ದೆಯಂಚಿನಲ್ಲಿ ಆಕೆಯ ಮನೆ. ನಾನು ಅಕ್ಕ ಅನ್ನುತ್ತಿದ್ದೆ. ಅವರದು ಅರ್ಧ ಎಕರೆ ಗದ್ದೆ ಅಷ್ಟೇ. ನಮಗೆ ಗದ್ದೆಯ ಜೊತೆಗೆ ಮೇಲೆ ಕಾಫಿ ತೋಟವೂ ಇತ್ತು. ನಮ್ಮಿಬ್ಬರ ನಡುವೆ ಮುಯ್ಯಾಳು ನಡೆಯುತ್ತಿತ್ತು. ನಮ್ಮ ಕೊಯ್ಲಿಗೆ ಅವಳು ಒಂದು ದಿನ ಬಂದರೆ ಅವಳ ಕೊಯ್ಲಿಗೆ ನಾನು ಒಂದು ದಿನ ಹೋಗಬೇಕು. ಕೂಲಿಗೀಲಿ ಏನಿಲ್ಲ. ಯಾರ ಗದ್ದೆಯೋ ಆ ಮನೆಯಲ್ಲಿ ಎಲ್ಲರಿಗೂ ಕಡುಬು, ಹುರುಳಿಕಾಳಿನ ಸಾರು.

ಆ ದಿನಗಳಲ್ಲಿ ನಕ್ಕಷ್ಟು ನಾನು ಆಮೇಲೆ ನಕ್ಕಿಲ್ಲ. ಸಾಲಾಗಿ ಬಗ್ಗಿದ ಏಳೆಂಟು ಹೆಂಗಸರು, ಎಲ್ಲರ ಅತ್ತೆಯರ ಮಾನವೂ ಅಲ್ಲೇ ಹರಾಜು. ಯಾರಾದರೂ ದುಡ್ಡೇ ದೊಡ್ಡಪ್ಪ ಅಂದರೆ ಸಾಕು, ಅಕ್ಕ ತಲೆಯೆತ್ತದೆ, "ದೊಡ್ಡಪ್ಪನೇ ಇರ್ಬೋದು, ಕೊಯ್ಲಿಗೆ ಮಾತ್ರ ಬರಲ್ಲ ಅವ್ನು" ಅನ್ನುತ್ತಿದ್ದಳು.

ಆಮೇಲೆ ಕಾಫಿಗೆ ರೇಟು ಬಂತು, ನಮ್ಮ ಮಾವನವರೂ ಕನಸಲ್ಲಿ ಕಾಣದಂಥ ರೇಟು. ಸಾಲಿನ ಉಳಿದ ಹೆಂಗಸರು ಒಬ್ಬೊಬ್ಬರಾಗಿ ಎಸ್ಟೇಟಿನ ಕೂಲಿಗೆ ಹೋದರು, ಮುಯ್ಯಾಳಿಗೆ ಉಳಿದದ್ದು ನಾನು, ಅಕ್ಕ ಇಬ್ಬರೇ. ಎರಡು ಬಾಗಿಲಿನ ಫ್ರಿಜ್ಜು ತಂದೆವು, ಸೋಫಾ ತಂದೆವು, ಗಟ್ಟಿಮುಟ್ಟಾಗಿದ್ದ ಕೆಂಪು ನೆಲ ಒಡೆಸಿ ಟೈಲ್ಸ್ ಹಾಕಿಸಿದೆವು. ಸುಳ್ಳು ಯಾಕೆ ಹೇಳಲಿ, ಖುಷಿಯಾಗಿತ್ತು. ಸೋಫಾವನ್ನು ಒಂದು ವಾರ ಸವರಿದ್ದೇ ಸವರಿದ್ದು. ಎರಡನೇ ವಾರ ಅದರ ಮೇಲೆ ಒಗೆದ ಬಟ್ಟೆಯ ರಾಶಿ ಬಿದ್ದಿತ್ತು. ಆಗ ನನಗೆ ಕಾರು ಬೇಕು ಅನ್ನಿಸಿತು.

ಕಾರು ತರಲು ಚಿಕ್ಕಮಗಳೂರಿಗೆ ಹೋಗುವ ದಿನವೇ ಅಕ್ಕನ ಕೊಯ್ಲು. ನಮ್ಮದನ್ನು ಅವಳು ಹದಿನೈದು ದಿನ ಮೊದಲೇ ಬಂದು ಕೊಯ್ದುಕೊಟ್ಟಿದ್ದಳು. "ಕಾರು ನಾಳೆ ತಂದ್ರಾಯ್ತು, ನೀನು ಹೋಗಿ ಬಾ" ಎಂದು ಇವರು ಹೇಳಿದರು ಕೂಡ. ನಾನು ಕೇಳಲಿಲ್ಲ. ಕಾರಿರುವ ಮನೆಯ ಹೆಂಗಸು ಇನ್ನೊಬ್ಬರ ಗದ್ದೆಯಲ್ಲಿ ಸೊಂಟ ಬಗ್ಗಿಸುವುದೇ ಅನ್ನಿಸಿಬಿಟ್ಟಿತ್ತು, ಅದೇ ನಿಜ. ನಮ್ಮ ತೋಟಕ್ಕೆ ಬರುತ್ತಿದ್ದ ಹೆಂಗಸಿನ ಕೈಯಲ್ಲಿ ಒಂದು ದಿನದ ಕೂಲಿ, ಅದರ ಮೇಲೆ ಐನೂರು ರೂಪಾಯಿ ಕೊಟ್ಟು, ಬೇರೆ ಯಾರನ್ನಾದರೂ ಕರೆದುಕೊಳ್ಳಲು ಹೇಳಿ ಕಳಿಸಿದೆ. ಮಹಾ ಧಾರಾಳಿ ನಾನು. ಕಾಫಿ ಹಣ್ಣು ಕೊಯ್ಯುವ ಆ ದಿನಗಳಲ್ಲಿ ದುಡ್ಡು ಸುರಿದರೂ ಗದ್ದೆಗೆ ಆಳು ಸಿಗುವುದಿಲ್ಲವೆಂದು ನನಗೆ ಚೆನ್ನಾಗಿಯೇ ಗೊತ್ತಿತ್ತು.

ಸಂಜೆ ಹಾರ ಹಾಕಿದ ಕಾರಿನಲ್ಲಿ ಬರುವಾಗ ರಸ್ತೆ ಪಕ್ಕದ ಗದ್ದೆಯಲ್ಲಿ ಅಕ್ಕ ಮತ್ತು ಅವಳ ಸೊಸೆ ಇಬ್ಬರೇ ಇನ್ನೂ ಕೊಯ್ಯುತ್ತಿದ್ದರು. ಇವರು ಕಾರು ನಿಧಾನ ಮಾಡಿದರು. ಧೂಳು ಬರುತ್ತದೆ ಅಂದುಕೊಂಡು ನಾನು ಗ್ಲಾಸು ಏರಿಸಿದೆ. ಅಕ್ಕ ಸೊಂಟ ನೆಟ್ಟಗೆ ಮಾಡಿ, ಹಣೆಗೆ ಕೈ ಅಡ್ಡ ಹಿಡಿದು, ಯಾರ ಕಾರೆಂದು ನೋಡಿದಳು. ನಾನು ಮುಂದೆ ನೋಡುತ್ತ ಕೂತಿದ್ದೆ.

ಮರುವರ್ಷ ನಮ್ಮ ಭತ್ತ ಹಣ್ಣಾಗಿ ನಿಂತಾಗ ಮೋಡ ಕಟ್ಟಿತು. ಆಳುಗಳೆಲ್ಲ ಎಸ್ಟೇಟುಗಳಲ್ಲಿದ್ದರು. ನಾಚಿಕೆ ಬಿಟ್ಟು ಅಕ್ಕನಿಗೆ ಹೇಳಿಕಳಿಸಿದೆ. ಬೆಳಿಗ್ಗೆ ಬಂದದ್ದು ಅವಳ ಸೊಸೆ.

"ಅತ್ತೆ ಇದನ್ನ ಕೊಟ್ ಬಾ ಅಂದ್ರು ಚಿಕ್ಕಮ್ಮ. ಒಂದಿನದ ಕೂಲಿ, ಮೇಲೆ ಐನೂರು."

ನನಗೆ ಸಿಟ್ಟು ನೆತ್ತಿಗೇರಿತು. ಸೇಡು ತೀರಿಸಿಕೊಂಡಳು ಅಂದುಕೊಂಡು ಆ ನೋಟುಗಳನ್ನು ಹಿಡಿದೇ ದಡದಡ ಇಳಿದು ಹೋದೆ. ಅಕ್ಕ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದಳು, ಬೆರಳು ನೆಟ್ಟಗೆ.

"ಇದೇನಕ್ಕ ಇದು, ನಂಗೆ ದುಡ್ಡು ಕಳ್ಸೋದಾ?"

ಅವಳಿಗೆ ಗಾಬರಿಯಾಯಿತು. "ಯಾಕೇ, ಕಮ್ಮಿ ಆಯ್ತಾ? ಹೋದ್ವರ್ಷ ನೀನು ಅಷ್ಟೇ ಕಳ್ಸಿದ್ದಲ್ವಾ. ಈಗ ಹಿಂಗ್ ಮಾಡೋದೇ ಮರ್ಯಾದೆ ಅನ್ಕಂಡೆ ಮಾರಾಯ್ತಿ. ನಾನು ಬಂದ್ರೆ ನೀನೂ ನಮ್ ಗದ್ದೆಗೆ ಬರ್ಬೇಕಾಗುತ್ತೆ, ನಿಂಗೆ ಕಷ್ಟ ಅಂತ."

ನನ್ನ ಹಿಂದೆಯೇ ಬಂದಿದ್ದ ಸೊಸೆ ತಡೆಯಲಾರದೆ ಹೇಳಿದಳು, "ಇದನ್ನ ಕೊಡ್ಬೇಕು ಅಂತ್ಲೇ ಅತ್ತೆ ಮೂರ್ ದಿನ ಎಸ್ಟೇಟಿಗೆ ಹಣ್ಣು ಕೊಯ್ಯಕ್ಕೆ ಹೋಗಿದ್ರು."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಪ್ಪಾಯಿತು ಅಂತ ಆಗಲೇ ಅಂದಿದ್ದರೆ ಇವತ್ತು ಇದನ್ನು ಬರೆಯುತ್ತ ಕೂರಬೇಕಿರಲಿಲ್ಲ. ನೋಟುಗಳನ್ನು ಸೊಸೆಯ ಕೈಗೆ ತುರುಕಿ, "ಮಳೆ ಬರೋ ಹಂಗಿದೆ ಅಕ್ಕ" ಅಂದೆ, ಅಷ್ಟೇ. ಅವಳು ಲೋಟ ಕೆಳಗಿಟ್ಟು, ಸೂರಿಗೆ ಸಿಕ್ಕಿಸಿದ್ದ ಕುಡುಗೋಲು ಎಳೆದುಕೊಂಡಳು.

"ಅಷ್ಟಕ್ಕೆ ಅಳು ಮುಖ ಯಾಕೆ, ನಡಿ ಮತ್ತೆ."

ಸಂಜೆಯೊಳಗೆ ನಮ್ಮ ಭತ್ತ ಮನೆ ಸೇರಿತು. ನಾನು ಕಡುಬು ಮಾಡಿರಲಿಲ್ಲ. ಕೆಸರು ಕಾಲಲ್ಲಿ ಟೈಲ್ಸ್ ತುಳಿಯಲು ಹಿಂಜರಿದು ಅಕ್ಕ ಹಿತ್ತಲ ಮೆಟ್ಟಿಲ ಮೇಲೆ ಕೂತು ಬೇಕರಿ ಬನ್ನು ತಿಂದಳು. ಒಳಗೆ ಬಾ ಎಂದು ನಾನು ಒಂದೇ ಸಲ ಕರೆದೆ. ಅವಳ ಗದ್ದೆ ಹಣ್ಣಾಗಲು ಇನ್ನೂ ಹತ್ತು ಹದಿನೈದು ದಿನವಿತ್ತು. ಆ ದಿನ ಬೆಳಗಾಗುವ ಮೊದಲೇ ಹೋಗಿ ನಿಲ್ಲಬೇಕು, ಎಲ್ಲ ಹೇಳಿಬಿಡಬೇಕು ಅಂದುಕೊಂಡೆ.

ಅಷ್ಟರೊಳಗೆ ಒಂದು ಬೆಳಿಗ್ಗೆ ಅವಳಿಗೆ ಎದೆನೋವು ಬಂತು. ನಮ್ಮ ಕಾರಿನಲ್ಲೇ ಹೊರಟೆವು. ಆ ಕಾರಿನೊಳಗೆ ಅವಳು ಕೂತದ್ದು ಅದೊಂದೇ ಸಲ. ನನ್ನ ಭುಜಕ್ಕೆ ಒರಗಿ, "ಗ್ಲಾಸು ಇಳ್ಸೇ, ಉಸ್ರು ಕಟ್ಟುತ್ತೆ" ಅಂದಳು. ಇಳಿಸಿದೆ. ಮೂಡಿಗೆರೆ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಳು.

ಕಾರ್ಯ ಕಳೆದ ಮೇಲೆ ಅವರ ಕೊಯ್ಲು ಬಂತು. ನಾನು ಕುಡುಗೋಲು ಹಿಡಿದು ಇಳಿದೆ. ಗದ್ದೆಯಲ್ಲಿ ಕೊಯ್ಲಿನ ಮಿಷನ್ನು ಓಡುತ್ತಿತ್ತು. "ಬಾಡಿಗೆಗೆ ಕರ್ಸಿದ್ವಿ ಚಿಕ್ಕಮ್ಮ. ಯಾರನ್ನ ಅಂತ ಕರೆಯೋದು?" ಅಂದಳು ಸೊಸೆ. ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಡ್ರೈವರು ನನಗೆ ಬದುವಿನ ಮೇಲೆ ದೂರ ನಿಲ್ಲಲು ಕೈ ಮಾಡಿದ. ಏಳೆಂಟು ಹೆಂಗಸರು ಹಗಲಿಡೀ ನಗುತ್ತ ಕೊಯ್ಯುತ್ತಿದ್ದ ಗದ್ದೆ, ಕಾಫಿ ಕಾಯಿಸಿ ತರುವಷ್ಟರಲ್ಲಿ ಮುಗಿದುಹೋಯಿತು.

ಮಿಷನ್ನು ತಿರುಗಲಾಗದ ಮೂಲೆಗಳಲ್ಲಿ ಮಾತ್ರ ಒಂದಿಷ್ಟು ತೆನೆ ನಿಂತಿತ್ತು. ಅಲ್ಲಿಗೆ ಹೋಗಿ ಬಗ್ಗಿದೆ. ನಾನು ಅಕ್ಕನಿಗೆ ಕೊಡಬೇಕಾಗಿದ್ದದ್ದು ಇಡೀ ಒಂದು ದಿನ. ಅಲ್ಲಿ ಉಳಿದಿದ್ದದ್ದು ಕಾಲು ಗಂಟೆಯ ಕೆಲಸ.