ಟೀಚರ್ ಕಂಪ್ಯೂಟರಿನ ಎರಡು ಪಾಲು

ಕಳೆದ ಭಾನುವಾರ ಕಡೂರಿನ ನಮ್ಮ ಪತ್ರಿಕೆಯ ಕಚೇರಿಯಲ್ಲಿ ಹಳೆಯ ಕಂಪ್ಯೂಟರೊಂದನ್ನು ಆನ್ ಮಾಡಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ, ಕಂಪ್ಯೂಟರನ್ನು ನಡೆಸುವ ಎರಡು ವ್ಯವಸ್ಥೆಗಳ ಹೆಸರು ಬಂದವು. ಮೇಲೆ ಲಿನಕ್ಸ್, ಕೆಳಗೆ ವಿಂಡೋಸ್. ಆರಿಸಿಕೊಳ್ಳಲು ಹತ್ತು ಸೆಕೆಂಡ್ ಇತ್ತು. ನಾನು ಆರಿಸಲಿಲ್ಲ. ಅಜ್ಜಂಪುರದ ಟೀಚರ್ ಮನೆಯ ಹಾಲ್, ಕಸೂತಿ ಬಟ್ಟೆ ಹೊದಿಸಿದ ಅವರ ಕಂಪ್ಯೂಟರ್ ಕಣ್ಣ ಮುಂದೆ ಬಂದವು...

ಅವರು ತರೀಕೆರೆಯ ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದವರು. ನಿವೃತ್ತರಾದ ಮೇಲೆ ಅಜ್ಜಂಪುರದಲ್ಲಿ ತಂಗಿಯ ಜೊತೆ ಇದ್ದರು. ಬಾಯಿಲೆಕ್ಕಗಳನ್ನು ಬರೆಯುತ್ತಿದ್ದರು. ಬೀರೂರಿನಿಂದ ತಡವಾಗಿ ಹೊರಟ ರೈಲು, ಮೂವರು ಸುಲಿದ ತೆಂಗಿನಕಾಯಿ, ಅಮೃತಾಪುರದ ಬಸ್ಸಿಗೆ ಹತ್ತಿದವರು, ಇಳಿದವರು... ಪೆನ್ನು ಹಿಡಿಯದೆ ಮನಸ್ಸಿನಲ್ಲೇ ಬಿಡಿಸಬೇಕಾದ ಇಂಥ ಲೆಕ್ಕಗಳು ನಾಲ್ಕುನೂರ ಹನ್ನೆರಡು ಆಗಿದ್ದವು. ಒಂದೊಂದನ್ನೂ ತಾವೇ ತಿದ್ದಿ, ಪುಸ್ತಕ ಮಾಡಿ ಶಾಲೆಗೆ ಕೊಡಬೇಕೆಂದು ಹಟ ತೊಟ್ಟಿದ್ದರು. ಅಷ್ಟರಲ್ಲಿ ಕಣ್ಣು ಮಂಜಾಗತೊಡಗಿತು. ಹೋದ ದೃಷ್ಟಿ ಮರಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

ನಾನು ಓದಿ ಹೇಳುತ್ತೇನೆ ಎಂದೆ.

"ನೀನಾ? ಹದಿಮೂರರ ಮಗ್ಗೀಲಿ ಎಡವಿದೋನು ನನ್ ಲೆಕ್ಕ ಓದ್ತೀಯಾ? ತಪ್ಪನ್ನ ನಾನೇ ಹಿಡೀಬೇಕು ಕಣೋ. ಬೇರೆ ದಾರಿ ನೋಡು."

ದಾರಿ ಇತ್ತು. ಪರದೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದುವ ಸೌಲಭ್ಯ ಲಿನಕ್ಸ್‌ನಲ್ಲಿ ಉಚಿತವಾಗಿ ಸಿಗುತ್ತಿತ್ತು. ಆದರೆ ಟೀಚರ್ ಲೆಕ್ಕಗಳೆಲ್ಲ ವಿಂಡೋಸ್‌ನಲ್ಲಿ, ಹಳೆಯ ಕನ್ನಡ ಫಾಂಟಿನಲ್ಲಿದ್ದವು. ಅವು ನಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಅವನ್ನು ಕಂಪ್ಯೂಟರಿಗೂ ಕನ್ನಡವೆಂದೇ ತಿಳಿಯುವ ಯುನಿಕೋಡ್‌ಗೆ ಬದಲಿಸುವ ತಂತ್ರಾಂಶ ನಮ್ಮಲ್ಲಿದ್ದದ್ದು ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತಿತ್ತು. ಅಲ್ಲಿ ಬದಲಿಸಿ ಇಲ್ಲಿ ಕೇಳಬೇಕು. ಹಾಗಾಗಿ ಒಂದೇ ಕಂಪ್ಯೂಟರಿನಲ್ಲಿ ಎರಡೂ ಬೇಕಿತ್ತು.

ಲಿನಕ್ಸ್ ಇದ್ದ ಪೆನ್ ಡ್ರೈವ್ ಹಾಕಿ ಕೂತೆ. ಡಿಸ್ಕನ್ನು ಎರಡು ಪಾಲು ಮಾಡಬೇಕು ಎಂದಾಗ ಟೀಚರ್ ಕುರ್ಚಿ ಹತ್ತಿರ ಎಳೆದುಕೊಂಡರು. ಅವರ ಮನೆತನದಲ್ಲಿ ಜಮೀನು ಪಾಲಾಗುವಾಗ ಕಿರಿಯವನು ಮೊದಲು ಆರಿಸಿಕೊಳ್ಳುವ ಪದ್ಧತಿ ಇತ್ತು.

"ಹೊಸದು ಚಿಕ್ಕೋನು. ಎಲ್ಲಿ ಬೇಕೋ ಅದೇ ಆರಿಸ್ಕೊಳ್ಲಿ. ನೀನು ಮಧ್ಯ ಬಾಯಿ ಹಾಕ್ಬೇಡ."

ಪರದೆಯಲ್ಲಿ ಒಂದು ಸಾಲು ಮೊದಲೇ ಗುರುತಾಗಿತ್ತು. ಲಿನಕ್ಸ್ ತನ್ನ ಜಾಗ ತಾನೇ ನೋಡಿಕೊಳ್ಳುವ ಆಯ್ಕೆ ಇರಬೇಕೆಂದು ಅದನ್ನೇ ಒತ್ತಿದೆ. ಅದು ಇಡೀ ಡಿಸ್ಕನ್ನು ಅಳಿಸಿ ಕೂರುವ ಆಯ್ಕೆ. ಕೆಳಗಿದ್ದ ಎಚ್ಚರಿಕೆಯನ್ನು ನಾನು ಪೂರ್ತಿ ಓದಲಿಲ್ಲ. ಲೆಕ್ಕಗಳ ನಕಲನ್ನು ಬೇರೆಲ್ಲೂ ತೆಗೆದಿಟ್ಟಿರಲಿಲ್ಲ.

ಅರ್ಧ ಗಂಟೆಯ ನಂತರ ಲಿನಕ್ಸ್ ತೆರೆದುಕೊಂಡಿತು. ವಿಂಡೋಸ್ ಇರಲಿಲ್ಲ. ಲೆಕ್ಕಗಳೂ ಇರಲಿಲ್ಲ...

ಆದದ್ದನ್ನು ಹೇಳಿದೆ. ಅಡುಗೆಮನೆಯಿಂದ ಅವರ ತಂಗಿ, "ಇಬ್ರೂ ಸೇರಿ ಚೆನ್ನಾಗೇ ಪಾಲು ಮಾಡಿದ್ರಿ ಬಿಡಕ್ಕ" ಎಂದರು. ಟೀಚರ್ ನಕ್ಕರು. ನನಗೆ ನಗು ಬರಲಿಲ್ಲ. ಇನ್ನು ವಿಂಡೋಸ್ ಯಾಕೆ, ಲಿನಕ್ಸ್ ಒಂದೇ ಸಾಕಲ್ಲ ಟೀಚರ್ ಎಂದೆ.

"ಯಾಕೆ ಸಾಕಾಗ್ತದೆ? ನನ್ ಲೆಕ್ಕ ಎಷ್ಟ್ ಮಕ್ಕಳ ಹತ್ರ ಹೋಗಿಲ್ಲ! ಎಲ್ಲಾ ಆ ಹಳೇ ಅಕ್ಷರದಲ್ಲೇ ಅಲ್ವೇನೋ ಇರೋದು? ಎರಡೂ ಹಾಕು. ಈ ಸಲ ಮೊದ್ಲು ಹಳೇದು. ಬದು ನೀನೇ ಹಾಕು, ಆಮೇಲೆ ಹೊಸದನ್ನ ಕರಿ."

ಮುಂದಿನ ಭಾನುವಾರ ಹಾಗೆಯೇ ಮಾಡಿದೆವು. ಪರದೆಯ ಒಂದೊಂದು ಸಾಲನ್ನೂ ನನ್ನಿಂದ ಎರಡು ಸಲ ಗಟ್ಟಿಯಾಗಿ ಓದಿಸಿ, ಆಮೇಲೆ ಒತ್ತಲು ಬಿಟ್ಟರು. ಆ ಸಂಜೆಯಿಂದಲೇ ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಶುರುವಾಯಿತು. ಕಡೂರಿನಿಂದ, ತರೀಕೆರೆಯಿಂದ ಸಿ.ಡಿ.ಗಳು, ಪೆನ್ ಡ್ರೈವ್‌ಗಳು ಬಂದವು. ಬೀರೂರಿನ ರೈಲ್ವೆ ನೌಕರನೊಬ್ಬ ಮುದ್ರಿಸಿಟ್ಟುಕೊಂಡಿದ್ದ ಹಾಳೆಗಳನ್ನೇ ತಂದ. ಅವುಗಳ ಮೇಲೆ ಮಕ್ಕಳ ಎಣ್ಣೆಗೈಯ ಗುರುತಿತ್ತು.

ಹಾಳೆಯಲ್ಲಿದ್ದದ್ದನ್ನು ಟೈಪ್ ಮಾಡಿ, ಉಳಿದದ್ದನ್ನು ವಿಂಡೋಸ್‌ನಲ್ಲಿ ತೆರೆದು ಬದಲಿಸುತ್ತಿದ್ದೆ. ಕಂಪ್ಯೂಟರ್ ಆಫ್ ಮಾಡಿ, ಮತ್ತೆ ಆನ್ ಮಾಡಿ ಲಿನಕ್ಸ್‌ಗೆ ಹೋಗುತ್ತಿದ್ದೆವು. ಏರಿಳಿತವಿಲ್ಲದ ಆ ಯಂತ್ರದ ದನಿ ಓದುತ್ತಿತ್ತು. ಟೀಚರ್ ಕತ್ತು ಬಾಗಿಸಿ ಕೇಳುತ್ತಿದ್ದರು. "ನಿಲ್ಸು, ಉತ್ತರ ತಪ್ಪು. ಬರೆದೋಳು ನಾನೇ, ಬೈಯೋಕೂ ಯಾರೂ ಇಲ್ಲ." ಕಳೆದುಹೋದ ಕೆಲವನ್ನು ನೆನಪಿನಿಂದಲೇ ಹೇಳಿ ಬರೆಸಿದರು. ಒಮ್ಮೆ ನಾನು ಕ್ಷಮೆ ಕೇಳಿದೆ. "ಕೇಳಪ್ಪ, ಬೇಡ ಅಂದೋರ್ಯಾರು? ಕೇಳ್ತಾ ಕೇಳ್ತಾ ಟೈಪ್ ಮಾಡು" ಎಂದರು.

ದೃಷ್ಟಿ ಪೂರ್ತಿ ಹೋದ ಮೇಲೂ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಆನ್ ಮಾಡಿದಾಗ ಬರುವ ಆ ಎರಡು ಹೆಸರಲ್ಲಿ ಯಾವುದಕ್ಕೆ ಎಷ್ಟು ಸಲ ಬಾಣದ ಕೀಲಿ ಒತ್ತಬೇಕೆಂಬುದು ಅವರ ಬೆರಳಿಗೆ ಗೊತ್ತಿತ್ತು...

ಟೀಚರ್ ತೀರಿಕೊಂಡು ಎರಡು ವರ್ಷವಾಯಿತು. ಮುನ್ನೂರ ತೊಂಬತ್ತು ಲೆಕ್ಕಗಳನ್ನು ಅವರೇ ಕೇಳಿ ತಿದ್ದಿದ್ದರು. ಅವು ಪುಸ್ತಕವಾಗಿ ಕಳೆದ ಜೂನ್‌ನಲ್ಲಿ ಶಾಲೆಗೆ ಹೋದವು. ಉಳಿದ ಇಪ್ಪತ್ತೆರಡು ಇದುವರೆಗೆ ಸಿಕ್ಕಿಲ್ಲ.